ಬಾರ್ಬೂಡದ ಬಿಳುಪು

ಘಟನೆಗಳ ಕ್ರಮ ಹೀಗಿತ್ತು. 2024ರ ಅಕ್ಟೋಬರ್ ಮೊದಲ ವಾರ ಇಸ್ಮಾಯಿಲ್ ಅವರು ತಮ್ಮ ಸಂಗ್ರಹದ ಆರು ನಾಣ್ಯಗಳನ್ನು ದುಬೈಯ ಅಲ್ ಕುಸೈಸ್‌ನ ನಮ್ಮ ಲೋಹ ಪರೀಕ್ಷಾಲಯಕ್ಕೆ ತಂದುಕೊಟ್ಟರು. ಎರಡನೆಯ ವಾರ ನಾವು ಪರೀಕ್ಷಿಸಿ ವರದಿ ಬರೆದೆವು. ಮೂರನೆಯ ವಾರ ವರದಿಯೂ ನಾಣ್ಯಗಳೂ ಅಬುಧಾಬಿಯಲ್ಲಿ ಸಿದ್ಧವಾಗುತ್ತಿದ್ದ ಪ್ರದರ್ಶನವೊಂದರ ಕಚೇರಿ ಸೇರಿದವು. ನಾಲ್ಕನೆಯ ವಾರ ಅಲ್ಲಿಂದ ಉತ್ತರ ಬಂತು: ಐದು ನಾಣ್ಯಗಳಿಗೆ ಒಪ್ಪಿಗೆ, ಆರನೆಯದಕ್ಕೆ ಆಕ್ಷೇಪ. ಉತ್ತರದ ಜೊತೆ ಆರನೆಯ ನಾಣ್ಯವೂ ನಮ್ಮಲ್ಲಿಗೆ ಮರಳಿತು. ಆಕ್ಷೇಪಕ್ಕೆ ಸಮಾಧಾನ ದೊರೆಯದಿದ್ದರೆ ಉಳಿದ ಐದನ್ನೂ ಹಿಂದಿರುಗಿಸಲಾಗುವುದು. ಒಂದು ನಕಲಿ ಸೇರಿರುವ ಸಂಗ್ರಹವನ್ನು ಪ್ರದರ್ಶನಕ್ಕೆ ಇಡುವ ಪದ್ಧತಿ ಅವರಲ್ಲಿಲ್ಲ.

ಯಂತ್ರಗಳು ಬರುವ ಮೊದಲು ಸುತ್ತಿಗೆಯಿಂದ ಹೊಡೆದು ಮಾಡಿದ ನಾಣ್ಯಗಳು ಎಂಬುದು ಪ್ರದರ್ಶನದ ವಿಷಯ. ಇಸ್ಮಾಯಿಲ್ ಅವರಿಗೆ ಅದಕ್ಕಿಂತ ಹೊಂದುವ ವಿಷಯ ಬೇರೊಂದಿರಲಿಲ್ಲ. ಅವರು ಉಳ್ಳಾಲದ ಬ್ಯಾರಿ. ದುಬೈಯ ಬನಿಯಾಸ್‌ನಲ್ಲಿ ಸುತ್ತಿಗೆ, ಉಳಿ, ಬಾಗಿಲ ತಿರುಗಣಿಗಳ ಅಂಗಡಿ ಇಟ್ಟುಕೊಂಡು ತಲೆಗೂದಲು ನರೆಯುವವರೆಗೂ ಅಲ್ಲೇ ಇದ್ದವರು. ಸುತ್ತಿಗೆಯ ಪೆಟ್ಟು ಕಾಣುವ ನಾಣ್ಯಗಳನ್ನು ಮಾತ್ರ ಅವರು ಕೂಡಿಸಿದ್ದರು. ಪಕ್ಕದ ಅಂಗಡಿಗಳವರು ಅವರನ್ನು ಕರೆಯುತ್ತಿದ್ದದ್ದು ‘ತುಕ್ಕು ಬ್ಯಾರಿ’ ಎಂದು. ಈಗ ಮೊದಲ ಬಾರಿಗೆ ಗೋಡೆಯ ಮೇಲೆ ‘ಇಸ್ಮಾಯಿಲ್ ಉಳ್ಳಾಲ್ ಅವರ ಸಂಗ್ರಹ’ ಎಂಬ ಫಲಕ ಬರುವುದಿತ್ತು. ಅದರ ಕರಡು ಅವರ ಮೊಬೈಲ್‌ನಲ್ಲಿತ್ತು; ನಮ್ಮ ಪರೀಕ್ಷಾಲಯದ ಚಹಾ ತರುವವರಿಂದ ಹಿಡಿದು ಎಲ್ಲರೂ ಅದನ್ನು ನೋಡಿಯಾಗಿತ್ತು.

ಆಕ್ಷೇಪಕ್ಕೆ ಒಳಗಾದದ್ದು ಪೋರ್ಚುಗಲ್ ದೇಶದ ನಾಣ್ಯ. ಹೆಸರು ಬಾರ್ಬೂಡ. ಹದಿನಾಲ್ಕನೆಯ ಶತಮಾನದಲ್ಲಿ ದೊರೆ ಫೆರ್ನಾಂಡೊ ಕ್ಯಾಸ್ಟೀಲ್ ರಾಜ್ಯದೊಡನೆ ಯುದ್ಧಕ್ಕಿಳಿದಾಗ ಟಂಕಸಾಲೆಗಳಲ್ಲಿ ಹೊಡೆಸಿದ್ದು. ಒಂದು ಮುಖದಲ್ಲಿ ಕಿರೀಟವಿಟ್ಟ ಶಿರಸ್ತ್ರಾಣ, ಇನ್ನೊಂದರಲ್ಲಿ ಶಿಲುಬೆ ಮತ್ತು ಗುರಾಣಿ, ಸುತ್ತ ಲ್ಯಾಟಿನ್ ಅಕ್ಷರಗಳು. ಯುದ್ಧದ ಖರ್ಚಿಗೆಂದು ದೊರೆ ಬೆಳ್ಳಿಯ ಪಾಲು ತಗ್ಗಿಸಿದ್ದ: ಕಾಲು ಭಾಗ ಬೆಳ್ಳಿ, ಉಳಿದದ್ದು ತಾಮ್ರ. ಊರಿಗೆ ಮರಳುತ್ತಿದ್ದ ಪೋರ್ಚುಗೀಸ್ ಹಡಗು ಎಂಜಿನಿಯರೊಬ್ಬರಿಂದ ಇಸ್ಮಾಯಿಲ್ ಅದನ್ನು ಕೊಂಡಿದ್ದರು. ನಾಣ್ಯ ಎಲ್ಲಿಂದ ಬಂತೆಂಬುದಕ್ಕೆ ಬೇರೆ ಆಧಾರವಿರಲಿಲ್ಲ.

ನಮ್ಮ ಎಕ್ಸ್-ಕಿರಣ ಯಂತ್ರ ಆ ನಾಣ್ಯದಲ್ಲಿ ಅರ್ಧಕ್ಕಿಂತ ಹೆಚ್ಚು ಬೆಳ್ಳಿ ತೋರಿಸಿತ್ತು.

“ಡೆಬೊರಾ ಪಾಯ್ಸ್, ಎಂಎಸ್‌ಸಿ, ನೋಡಿ ನಿಮ್ಮ ರೀಡಿಂಗ್ ಎಂತ ಮಾಡಿತು ಅಂತ,” ಎಂದರು ರಾಝಿಕ್, ಪತ್ರವನ್ನು ನನ್ನ ಮೇಜಿನ ಮೇಲಿಡುತ್ತಾ. ಅವರು ಪರೀಕ್ಷಾಲಯದ ಮುಖ್ಯಸ್ಥರು, ಉಪ್ಪಿನಂಗಡಿಯವರು. ನನ್ನನ್ನು ಪದವಿ ಸಮೇತ ಕರೆದರೆ ಏನೋ ಕೆಟ್ಟದ್ದಿದೆ ಎಂದರ್ಥ. “ಕಾಲು ಭಾಗ ಇರ್ಬೇಕಾದಲ್ಲಿ ಅರ್ಧದ ಮೇಲೆ ಬೆಳ್ಳಿ. ತಾಮ್ರದ ಬಿಲ್ಲೆಗೆ ಬೆಳ್ಳಿ ನೀರು ಕುಡಿಸಿದ ಡೂಪ್ಲಿಕೇಟ್ ಅಂತ ಅವರ ಸಲಹೆಗಾರರು ಬರ್ದಿದ್ದಾರೆ.”

“ರೀಡಿಂಗ್ ಸರಿಯಾಗಿಯೇ ಉಂಟು ಸರ್.”

“ರೀಡಿಂಗ್ ಸರಿ ಉಂಟು, ನಾಣ್ಯ ಸರಿ ಇಲ್ಲ, ಹಾಗಾ?”

“ನಾಣ್ಯವೂ ಸರಿ ಇರಬಹುದು. ಯಂತ್ರ ನೋಡಿದ್ದು ಅದರ ಚರ್ಮ ಮಾತ್ರ.”

ಇದು ಜಾಣತನದ ಉತ್ತರವಲ್ಲ, ಯಂತ್ರದ ಮಿತಿ. ಎಕ್ಸ್-ಕಿರಣಗಳು ಅಂಥ ಲೋಹದೊಳಗೆ ಕೂದಲೆಳೆಯ ದಪ್ಪದಷ್ಟೂ ಇಳಿಯುವುದಿಲ್ಲ. ಮೇಲ್ಪದರಕ್ಕೂ ಒಡಲಿಗೂ ವ್ಯತ್ಯಾಸವಿದ್ದರೆ ಅವು ಮೇಲ್ಪದರದ ಪರವಾಗಿಯೇ ಸಾಕ್ಷಿ ಹೇಳುತ್ತವೆ. ವ್ಯತ್ಯಾಸ ಏಕೆ ಬಂತು ಎಂಬುದು ನನ್ನ ಪ್ರಶ್ನೆಯಾಗಿತ್ತು.

ಸಂಜೆಯ ಹೊತ್ತಿಗೆ ಇಸ್ಮಾಯಿಲ್ ಬಂದರು. ಕೈಯಲ್ಲಿ ಹಲ್ವಾ ಪೊಟ್ಟಣ. ಪತ್ರದ ಸುದ್ದಿ ಕೇಳುವ ಮೊದಲೇ ಕೊಂಡದ್ದು. ಪೊಟ್ಟಣವನ್ನು ಕೊಡಬೇಕೋ ಬೇಡವೋ ತಿಳಿಯದೆ ಅದನ್ನು ಮಡಿಲಲ್ಲೇ ಇಟ್ಟುಕೊಂಡು ಕುಳಿತರು.

“ತುಕ್ಕು ಬ್ಯಾರಿ ಅಂದ್ರೆ ಬೇಜಾರಿಲ್ಲ ಮೇಡಂ. ತುಕ್ಕು ಹಿಡಿಯುವುದಾದ್ರೂ ಅಸಲಿ ಕಬ್ಬಿಣಕ್ಕೇ. ಆರೂ ವಾಪಸ್ ಬಂದ್ರೆ ನಾಳೆಯಿಂದ ಡೂಪ್ಲಿಕೇಟ್ ಬ್ಯಾರಿ ಅಂತಾರೆ. ಅದು ನನಗೆ ಆಗ್ಲಿಕ್ಕಿಲ್ಲ.”

“ಹಲ್ವಾ ಯಾರಿಗೆ ಇಸ್ಮಾಯಿಲಾಕ?” ರಾಝಿಕ್ ಕೇಳಿದರು.

“ನಾಣ್ಯ ಅಸಲಿ ಅಂದವರಿಗೆ.”

“ಹಾಗಾದ್ರೆ ಡೆಬೊರಾಗೇ ಕೊಡಿ. ಇಡೀ ದುಬೈಯಲ್ಲಿ ಅದನ್ನು ಹೇಳ್ಲಿಕ್ಕೆ ಈಗ ಅವಳೊಬ್ಬಳೇ ಇರುವುದು.”

ಮರುದಿನ ನಾನು ನಾಣ್ಯದ ಸಾಂದ್ರತೆ ಅಳೆದೆ. ಅದನ್ನು ಮೊದಲು ಗಾಳಿಯಲ್ಲಿ, ಆಮೇಲೆ ತೆಳುವಾದ ತಂತಿಯಲ್ಲಿ ನೇತುಹಾಕಿ ನೀರಿನಲ್ಲಿ ತೂಗಿದೆ. ಬೆಳ್ಳಿ ನೀರು ಕುಡಿಸಿದ ತಾಮ್ರವಾಗಿದ್ದರೆ ಫಲಿತಾಂಶ ತಾಮ್ರದ ಹತ್ತಿರವೇ ಬರಬೇಕಿತ್ತು. ಬಂದದ್ದು ಕಾಲು ಭಾಗ ಬೆಳ್ಳಿ ಬೆರೆತ ತಾಮ್ರದ ಸಾಂದ್ರತೆ. ಒಡಲು ದೊರೆಯ ಲೆಕ್ಕದಂತೆಯೇ ಇತ್ತು. ಚರ್ಮ ಮಾತ್ರ ಶ್ರೀಮಂತವಾಗಿತ್ತು.

ಮಧ್ಯಯುಗದ ಟಂಕಸಾಲೆಗಳ ಕೆಲಸದ ವಿಧಾನದಲ್ಲಿ ಇದಕ್ಕೆ ನೇರವಾದ ಕಾರಣವಿದೆ. ತಾಮ್ರ ಹೆಚ್ಚಿರುವ ಮಿಶ್ರಲೋಹ ಕೆಂಪಗೆ ಕಾಣುತ್ತದೆ. ಕೆಂಪು ನಾಣ್ಯವನ್ನು ಸಂತೆಯಲ್ಲಿ ಯಾರೂ ಬೆಳ್ಳಿಯೆಂದು ನಂಬುವುದಿಲ್ಲ. ಆದ್ದರಿಂದ ಲೋಹವನ್ನು ಕರಗಿಸಿ, ತಗಡು ಬಡಿದು, ದುಂಡಗಿನ ಬಿಲ್ಲೆಗಳಾಗಿ ಕತ್ತರಿಸಿದ ಮೇಲೆ ಅವನ್ನು ಬೆಂಕಿಯಲ್ಲಿ ಕಾಯಿಸುತ್ತಿದ್ದರು. ಮೇಲ್ಮೈಯ ತಾಮ್ರ ಕರಿಯಾಗುತ್ತಿತ್ತು. ನಂತರ ದ್ರಾಕ್ಷಿ ಮದ್ಯದ ಪೀಪಾಯಿಗಳ ತಳದಲ್ಲಿ ಕಟ್ಟುವ ಹುಳಿಯುಪ್ಪನ್ನೂ ಅಡುಗೆಯುಪ್ಪನ್ನೂ ಹಾಕಿದ ನೀರಿನಲ್ಲಿ ಕುದಿಸುತ್ತಿದ್ದರು. ಆ ಹುಳಿ ಕರಿಯಾದ ತಾಮ್ರವನ್ನು ತಿಂದುಹಾಕಿ ಬೆಳ್ಳಿಯನ್ನು ಮಾತ್ರ ಬಿಡುತ್ತಿತ್ತು. ಬಿಲ್ಲೆ ಬಿಳುಪಾಗುತ್ತಿತ್ತು. ಆಮೇಲಷ್ಟೇ ಅದು ಅಚ್ಚಿಗೆ ಹೋಗುತ್ತಿತ್ತು: ಕೆಳಗಿನ ಅಚ್ಚು ಮರದ ದಿಮ್ಮಿಯಲ್ಲಿ ನೆಟ್ಟದ್ದು, ಮೇಲಿನದು ಕೆಲಸಗಾರನ ಮುಷ್ಟಿಯಲ್ಲಿ, ನಡುವೆ ಬಿಲ್ಲೆ, ಮೇಲಿಂದ ಸುತ್ತಿಗೆ.

ನಾನು ಉತ್ತರದ ಕರಡು ಬರೆದೆ. ರಾಝಿಕ್ ಓದಿ, ಎರಡು ಅಲ್ಪವಿರಾಮ ತೆಗೆದು, “ಖಲಾಸ್, ಸೋಮವಾರ ಕಳಿಸುವ,” ಎಂದರು.

ಶುಕ್ರವಾರ ನಮಾಜಿನ ನಂತರ ಇಸ್ಮಾಯಿಲ್ ನಮ್ಮಿಬ್ಬರನ್ನೂ ಬನಿಯಾಸ್‌ನ ಮನೆಗೆ ಊಟಕ್ಕೆ ಕರೆದಿದ್ದರು. ಅವರ ಪತ್ನಿ ಜಮೀಲ ನೀರುದೋಸೆಯನ್ನೂ ಅಂಜಲ್ ಮೀನಿನ ಪುಳಿಮುಂಚಿಯನ್ನೂ ಮಾಡಿದ್ದರು. ಇಸ್ಮಾಯಿಲ್‌ಗೆ ಕರಡಿನ ಸಾರಾಂಶ ಕೇಳುವ ಆತುರ. ನಾನು ಊಟದ ನಡುವೆಯೇ ಬಿಲ್ಲೆ ಕಾಯಿಸುವುದರಿಂದ ಆರಂಭಿಸಿ ಎಲ್ಲವನ್ನೂ ಕ್ರಮವಾಗಿ ಹೇಳಿದೆ.

“ಪೀಪಾಯಿ ಹುಳಿ ಅಂದ್ರೆ ಎಂತ ಅದು? ನಮಗೆ ಹರಾಮಿನದ್ದಾ?” ಜಮೀಲ ಬಡಿಸುತ್ತಾ ಕೇಳಿದರು.

“ಬರೀ ಹುಳಿ ಆಂಟಿ. ಟಾರ್ಟಾರಿಕ್ ಆಮ್ಲ ಅಂತ. ಈ ಪುಳಿಮುಂಚಿಯ ಹುಣಸೆಯಲ್ಲಿರುವುದೂ ಅದೇ.”

ಸೌಟು ಪಾತ್ರೆಯ ಮೇಲೆಯೇ ನಿಂತಿತು.

“ಹುಣಸೆಯಲ್ಲಿ ಇರುವುದಾ?”

“ಹೌದು.”

“ಉಪ್ಪು ಸಹ ಹಾಕ್ತಿದ್ರು ಅಂದೆಯಲ್ಲ?”

“ಹೌದು ಆಂಟಿ. ಯಾಕೆ?”

ಜಮೀಲ ಸೌಟನ್ನು ಕೆಳಗಿಟ್ಟು ಗಂಡನ ಕಡೆ ನೋಡಿದರು. “ಅದು ಅಷ್ಟು ಕಪ್ಪಿತ್ತಲ್ಲ. ದೊಡ್ಡ ದೊಡ್ಡವರು ನೋಡುವ ಸಾಮಾನು, ನಮ್ಮ ಮನೆಯಿಂದ ಹೋಗುವುದು. ತೊಳೆಯದೆ ಹೇಗೆ ಕಳಿಸುವುದು? ರಮಝಾನಿಗೆ ಮುಂಚೆ ಹಿತ್ತಾಳೆ ತಿಕ್ಕುವ ಹಾಗೆ, ಹುಣಸೆ ಉಪ್ಪು ಹಾಕಿ ಒಂದು ಸಲ ತಿಕ್ಕಿದೆ.”

“ಯಾವಾಗ?” ಇಸ್ಮಾಯಿಲ್ ಅವರ ಸ್ವರ ಇಳಿದಿತ್ತು.

“ನೀವು ಅಲ್ ಕುಸೈಸಿಗೆ ತೆಕ್ಕೊಂಡು ಹೋಗುವ ಹಿಂದಿನ ದಿನ.”

“ಆರನ್ನೂ?”

“ಅದೊಂದನ್ನೇ. ಉಳಿದದ್ದು ಅಷ್ಟು ಕೊಳಕಿರಲಿಲ್ಲ.”

ರಾಝಿಕ್ ತಲೆ ಬಗ್ಗಿಸಿ ಮೀನಿನ ಮುಳ್ಳು ಬಿಡಿಸತೊಡಗಿದರು. ಅದರಲ್ಲಿ ಮುಳ್ಳು ಉಳಿದಿರಲಿಲ್ಲ.

ತೊಡಕು ಸ್ಪಷ್ಟವಾಗಿತ್ತು. ಪೋರ್ಚುಗಲ್‌ನ ಟಂಕಸಾಲೆಯ ಹುಳಿ ಮತ್ತು ಬನಿಯಾಸ್‌ನ ಅಡುಗೆಮನೆಯ ಹುಳಿ ರಾಸಾಯನಿಕವಾಗಿ ಒಂದೇ. ಎರಡೂ ತಾಮ್ರವನ್ನು ತಿಂದು ಬೆಳ್ಳಿಯನ್ನು ಬಿಡುತ್ತವೆ. ಮೇಲ್ಮೈಯ ಬಿಳುಪು ಆರೂವರೆ ಶತಮಾನ ಹಳೆಯದೋ ಒಂದು ತಿಂಗಳಿನದೋ ಎಂಬುದನ್ನು ಲೋಹದ ಪ್ರಮಾಣ ನೋಡಿ ಹೇಳಲು ಸಾಧ್ಯವಿಲ್ಲ. ಸರಿಯಾದ ಮಿಶ್ರಲೋಹದಲ್ಲಿ ಈಗಿನ ಕಾಲದ ನಕಲಿಯೊಂದನ್ನು ಮಾಡಿ, ಅದನ್ನು ಹುಣಸೆಯಲ್ಲಿ ತಿಕ್ಕಿದ್ದರೂ ನಮ್ಮ ಯಂತ್ರ ಮತ್ತು ತಕ್ಕಡಿ ಇದೇ ಉತ್ತರ ಕೊಡುತ್ತಿದ್ದವು.

“ಸೋಮವಾರದ ಕಾಗದದಲ್ಲಿ ಇದನ್ನೂ ಬರೆಯಬೇಕಾಗ್ತದೆ,” ಎಂದೆ.

“ಬರೆಯದಿದ್ರೆ?” ಇಸ್ಮಾಯಿಲ್ ಕೇಳಿದರು. ಕೇಳಿದ ಕೂಡಲೇ ತಾವೇ ಕೈಯಾಡಿಸಿದರು. “ಇಲ್ಲ, ಇಲ್ಲ. ಬರೆಯಿರಿ. ಸುಳ್ಳು ಸೇರಿಸಿ ಗೋಡೆ ಮೇಲೆ ಹೆಸರು ಹಾಕಿಸಿ ಎಂತ ಮಾಡ್ಲಿಕ್ಕುಂಟು.”

ಜಮೀಲ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. “ನಾನು ಹಾಳು ಮಾಡಿದೆ ಅಂತಾದ್ರೆ ಸೀದಾ ಹೇಳು ಮಗಳೇ. ಸುತ್ತಿ ಬಳಸಿ ಬೇಡ.”

“ಹಾಳು ಮಾಡಿದಿರೋ ಇಲ್ಲವೋ ಅಂತ ಗೊತ್ತು ಮಾಡ್ಲಿಕ್ಕೆ ದಾರಿ ಉಂಟು ಆಂಟಿ,” ಎಂದೆ. ಅದನ್ನು ಅವರ ಸಮಾಧಾನಕ್ಕಾಗಿ ಹೇಳಲಿಲ್ಲ, ದಾರಿ ಇತ್ತು.

ಹುಳಿ ಎರಡೂ ಕಡೆ ಒಂದೇ ಆದರೂ ಕೆಲಸದ ಕ್ರಮ ಒಂದೇ ಅಲ್ಲ. ಹುಳಿ ತಾಮ್ರವನ್ನು ತೆಗೆದ ಜಾಗದಲ್ಲಿ ಸಣ್ಣ ಸಣ್ಣ ಪೊಳ್ಳುಗಳು ಉಳಿಯುತ್ತವೆ. ಬೆಳ್ಳಿ ಸ್ಪಂಜಿನಂತೆ ನಿಲ್ಲುತ್ತದೆ. ಟಂಕಸಾಲೆಯಲ್ಲಿ ಬಿಳುಪು ಮೊದಲು, ಸುತ್ತಿಗೆ ಆಮೇಲೆ. ಆದ್ದರಿಂದ ಅಲ್ಲಿ ಆ ಸ್ಪಂಜು ಪೆಟ್ಟಿನಡಿ ಸಿಕ್ಕಿ ಚಪ್ಪಟೆಯಾಗಲೇಬೇಕು. ಅಡುಗೆಮನೆಯಲ್ಲಿ ಸುತ್ತಿಗೆಯ ಕೆಲಸ ಎಂದೋ ಮುಗಿದಿರುತ್ತದೆ. ಅಲ್ಲಿ ಸ್ಪಂಜು ತೆರೆದೇ ಉಳಿಯಬೇಕು. ಇದನ್ನು ನೋಡಲು ನಾಣ್ಯದ ಅಡ್ಡಕೊಯ್ತ ಕಾಣಬೇಕು. ಹೊಡೆದ ನಾಣ್ಯಗಳ ಅಂಚಿನಲ್ಲಿ ಪೆಟ್ಟಿಗೆ ಬಿರಿದ ಸೀಳುಗಳಿರುತ್ತವೆ. ಬಾರ್ಬೂಡದಲ್ಲೂ ಒಂದಿತ್ತು. ಆ ಸೀಳಿನ ಪಕ್ಕದಲ್ಲಿ ಎಳ್ಳಿನ ಕಾಳಿಗಿಂತ ಚಿಕ್ಕ ಜಾಗವನ್ನು ಉಜ್ಜಿ ನಯಗೊಳಿಸಿದರೆ ಪದರಗಳು ತೆರೆದುಕೊಳ್ಳುತ್ತವೆ.

“ಉಜ್ಜಿದ ಗುರುತು ಹೋಗ್ತದಾ?” ಇಸ್ಮಾಯಿಲ್ ಕೇಳಿದರು.

“ಹೋಗುವುದಿಲ್ಲ.”

ನಾನು ಚೀಲದಲ್ಲಿ ತಂದಿದ್ದ ನಾಣ್ಯವನ್ನು ಇಸ್ಮಾಯಿಲ್ ಕೇಳಿ ಪಡೆದು, ಅಂಗೈ ಮೇಲಿಟ್ಟು ತಿರುಗಿಸಿ ನೋಡಿದರು. ಅದನ್ನು ಕೊಂಡ ದಿನದಿಂದ ಅದರ ಮೇಲೆ ಒಂದು ಗೀರು ಬೀಳದಂತೆ ಕಾಪಾಡಿದವರು ಅವರು. ತಿಕ್ಕಿದ ವಿಷಯಕ್ಕೆ ಜಮೀಲರಿಗೆ ಅವರು ಒಂದು ಮಾತೂ ಅಂದಿರಲಿಲ್ಲ. ಅಂದಿದ್ದರೆ ಜಮೀಲರಿಗೆ ಬಹುಶಃ ಹಗುರವಾಗುತ್ತಿತ್ತು.

“ಉಜ್ಜಿ,” ಎಂದರು. “ಇದು ಎಂತ ಅಂತ ಗೊತ್ತಿಲ್ಲದೆ ಇನ್ನು ನನಗೂ ಇಟ್ಕೊಳ್ಲಿಕ್ಕೆ ಆಗ್ಲಿಕ್ಕಿಲ್ಲ.”

ಸೋಮವಾರ ಪ್ರದರ್ಶನದ ಕಚೇರಿಯ ಸುಸನ್ ಅವರಿಗೆ ಹುಣಸೆಯ ಸಂಗತಿಯನ್ನು ಮರೆಮಾಚದೆ ಬರೆದೆ. ಜೊತೆಗೆ ಪರೀಕ್ಷೆಯ ಯೋಜನೆಯನ್ನೂ, ಯಾವ ಫಲಿತಾಂಶ ಬಂದರೆ ಏನರ್ಥ ಎಂಬುದನ್ನೂ ಪರೀಕ್ಷೆಗೆ ಮೊದಲೇ ಕಳಿಸಿದೆ. ಸುಸನ್ ಫೋನ್ ಮಾಡಿದಾಗ ಅವರ ಇಂಗ್ಲಿಷ್‌ನಲ್ಲಿ ಕೇರಳದ ತಿರುವಲ್ಲಾದ ಮಲಯಾಳಂ ರಾಗವಿತ್ತು. ಸಲಹೆಗಾರರು ಮಾನದಂಡವನ್ನು ಒಪ್ಪಿದ್ದರು, ಎರಡು ಷರತ್ತುಗಳೊಂದಿಗೆ: ಹೋಲಿಕೆಗೆ ಹೊಸದಾಗಿ ಎರಡು ಬಿಲ್ಲೆಗಳನ್ನು ಮಾಡಿ ತೋರಿಸಬೇಕು, ಚಪ್ಪಟೆಯಾದ ಪದರದ ಕೆಳಗೆ ಬಹುಕಾಲದ ಕಿಲುಬಿನ ಗುರುತೂ ಕಾಣಬೇಕು, ಏಕೆಂದರೆ ಹಳೆಯ ವಿಧಾನವನ್ನು ಬಲ್ಲ ನಕಲುಗಾರನೂ ಇರಬಹುದು. ಎರಡೂ ನ್ಯಾಯವಾದ ಷರತ್ತುಗಳು. ಆ ಗುರುತುಗಳು ಸಿಕ್ಕಿದರೆ ಆರು ನಾಣ್ಯಗಳೂ ಗಾಜಿನ ಪೆಟ್ಟಿಗೆಗೆ, ಇಲ್ಲದಿದ್ದರೆ ಆರೂ ಬನಿಯಾಸ್‌ಗೆ. ಫಲಕಗಳು ಮುದ್ರಣಕ್ಕೆ ಹೋಗಲು ಒಂದು ವಾರವಿತ್ತು.

ಹೀಗೆ ಅಲ್ ಕುಸೈಸ್‌ನ ಗೋದಾಮುಗಳ ನಡುವಿನ ನಮ್ಮ ಹಿತ್ತಲಲ್ಲಿ ಒಂದು ಟಂಕಸಾಲೆ ಏರ್ಪಟ್ಟಿತು. ರಾಝಿಕ್ ಕಾಲು ಭಾಗ ಬೆಳ್ಳಿ, ಮುಕ್ಕಾಲು ಭಾಗ ತಾಮ್ರ ಕರಗಿಸಿ ತಗಡು ಮಾಡಿದರು. ನಾನು ಬಿಲ್ಲೆಗಳನ್ನು ಕತ್ತರಿಸಿದೆ. ಇಸ್ಮಾಯಿಲ್ ಅಂಗಡಿಯಿಂದ ಉಕ್ಕಿನ ಎರಡು ಅಚ್ಚುಗಳನ್ನೂ ಮೂರು ಅಳತೆಯ ಸುತ್ತಿಗೆಗಳನ್ನೂ ತಂದಿದ್ದರು. ಜಮೀಲ ಸ್ಟೀಲ್ ಡಬ್ಬದಲ್ಲಿ ಹುಣಸೆ ರಸ ತಂದಿದ್ದರು. ಅಂದು ಉಪಯೋಗಿಸಿದ ಅದೇ ಹುಣಸೆ, ಅದೇ ಉಪ್ಪು.

ಮೊದಲನೆಯ ಬಿಲ್ಲೆಯನ್ನು ಕಾಯಿಸಿ, ಹುಳಿಯುಪ್ಪಿನಲ್ಲಿ ಕುದಿಸಿ, ಬಿಳುಪಾದ ಮೇಲೆ ಅಚ್ಚುಗಳ ನಡುವೆ ಇಟ್ಟೆವು. ಮೇಲಿನ ಅಚ್ಚನ್ನು ಹಿಡಿಯುವ ಕೆಲಸ ರಾಝಿಕ್ ಅವರ ಪಾಲಿಗೆ ಬಂತು.

“ಇಸ್ಮಾಯಿಲಾಕ, ನನಗೆ ಇರುವುದು ಎರಡೇ ಕೈ. ಸ್ಯಾಲರಿ ಸೈನ್ ಮಾಡುವುದು ಇದರಲ್ಲೇ.”

“ಅಲುಗಾಡ್ಬೇಡ ಮಾರಾಯ. ಬೆಳಿಗ್ಗೆಯಿಂದ ರಾತ್ರಿವರೆಗೆ ಸುತ್ತಿಗೆ ಮಾರುವವ ನಾನು.”

“ಮಾರುವವ! ಹೊಡೆಯುವವ ಅಲ್ಲವಲ್ಲ!”

“ಯಲ್ಲಾ, ಬಿಸ್ಮಿಲ್ಲಾ,” ಎಂದು ಇಸ್ಮಾಯಿಲ್ ಸುತ್ತಿಗೆ ಬೀಸಿದರು.

ಪಕ್ಕದ ಗೋದಾಮಿನ ಪಠಾಣ್ ಕಾವಲುಗಾರ ಗೋಡೆಯ ಮೇಲಿಂದ ಇಣುಕಿ, ಏನು ಒಡೆಯುತ್ತಿದ್ದೀರಿ ಎಂದು ಹಿಂದಿಯಲ್ಲಿ ಕೇಳಿದ. “ಕುಛ್ ನಹೀ ಖಾನ್ ಸಾಬ್, ಪೈಸಾ ಬನಾ ರಹೇ ಹೈ,” ಎಂದರು ರಾಝಿಕ್. ದುಡ್ಡು ತಯಾರಿಸುತ್ತಿದ್ದೇವೆ ಎಂದದ್ದೇ ಕಾವಲುಗಾರನ ತಲೆ ಥಟ್ಟನೆ ಮರೆಯಾಯಿತು. ಅವನಿಗೆ ವಿವರಿಸಿ ಹೇಳಲು ನಾನೇ ಹೋಗಬೇಕಾಯಿತು.

ನಾನು ಹಿಂದಿರುಗಿದಾಗ ಇಸ್ಮಾಯಿಲ್ ಹೊಡೆದ ಬಿಲ್ಲೆಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. ಅಚ್ಚು ಒಂದು ಬದಿಗೆ ಜಾರಿತ್ತು, ಅಂಚು ಬಿರಿದಿತ್ತು. “ನೋಡು ಜಮೀಲ, ಅವರದ್ದೂ ಹೀಗೇ ಜಾರ್ತಿತ್ತು,” ಎಂದು ಹೆಂಡತಿಗೆ ತೋರಿಸಿದರು. ಶುಕ್ರವಾರದ ಊಟದ ನಂತರ ನಾಣ್ಯದ ವಿಷಯದಲ್ಲಿ ಅವರು ಜಮೀಲರ ಜೊತೆ ಆಡಿದ ಮೊದಲ ಮಾತು ಅದೇ ಇರಬೇಕು. ಜಮೀಲ ಬಿಲ್ಲೆಯನ್ನು ಮುಟ್ಟದೆ, ಕೈಗಳನ್ನು ಹಿಂದೆ ಕಟ್ಟಿಕೊಂಡು ಬಾಗಿ ನೋಡಿದರು.

ಎರಡನೆಯ ಬಿಲ್ಲೆಯನ್ನು ಬಿಳುಪಾಗಿಸದೆ, ತಾಮ್ರದ ಕೆಂಪು ಬಣ್ಣದಲ್ಲಿರುವಾಗಲೇ ಹೊಡೆದು, ಆಮೇಲೆ ಕಾಯಿಸಿ ಕಪ್ಪಾಗಿಸಿದೆವು. ಅದನ್ನು ಜಮೀಲರ ಕೈಗೆ ಕೊಟ್ಟೆ.

“ಅವತ್ತು ತಿಕ್ಕಿದ ಹಾಗೆಯೇ ತಿಕ್ಕಿ ಆಂಟಿ. ಕಮ್ಮಿ ಬೇಡ, ಜಾಸ್ತಿಯೂ ಬೇಡ.”

“ಹೆದರಿಕೆ ಆಗ್ತದೆ ಮಗಳೇ.”

“ಇದು ಹಾಳಾದರೂ ಹಾಳಾಗದಿದ್ದರೂ ನನಗೆ ಒಂದೇ. ನೀವು ತಿಕ್ಕಿ.”

ಅವರು ತಿಕ್ಕಿದರು. ಬಿಲ್ಲೆ ಬೆಳ್ಳಗೆ ಹೊಳೆಯಿತು. ಮೂಲ ಬಾರ್ಬೂಡದ ಪಕ್ಕದಲ್ಲಿಟ್ಟರೆ ಬರಿಗಣ್ಣಿಗೆ ಎರಡರ ಬಿಳುಪಿನಲ್ಲಿ ವ್ಯತ್ಯಾಸ ಕಾಣುತ್ತಿರಲಿಲ್ಲ. ಇಸ್ಮಾಯಿಲ್ ಅದನ್ನು ನೋಡಿದರು. ಸುತ್ತಿಗೆಗಳನ್ನು ಒಂದೊಂದಾಗಿ ಒರೆಸಿ ಚೀಲಕ್ಕೆ ಹಾಕಿಕೊಂಡರು.

ಅಬುಧಾಬಿಯ ವಿಶ್ವವಿದ್ಯಾಲಯವೊಂದರ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ನಮಗೆ ಬುಧವಾರ ಬೆಳಿಗ್ಗೆಗೆ ದೊರೆಯಿತು. ರಾಝಿಕ್ ಕಾರು ಓಡಿಸಿದರು. ಇಸ್ಮಾಯಿಲ್ ಮತ್ತು ಜಮೀಲ ಬನಿಯಾಸ್‌ನಿಂದ ನೇರ ಬಂದು ಹೊರಗಿನ ಕಾರಿಡಾರ್‌ನಲ್ಲಿ ಕುಳಿತರು. ಸುಸನ್ ಕೂಡ ಬಂದರು. ಸೀಳಿನ ಪಕ್ಕದ ಜಾಗವನ್ನು ನಾನು ಹಿಂದಿನ ದಿನವೇ ಉಜ್ಜಿ ನಯಗೊಳಿಸಿದ್ದೆ.

ಮೊದಲು ನಮ್ಮ ಎರಡನೆಯ ಬಿಲ್ಲೆ. ಪರದೆಯ ಮೇಲೆ ಮೇಲ್ಪದರ ಸ್ಪಂಜಿನಂತೆ ಕಂಡಿತು. ಪೊಳ್ಳುಗಳು ದುಂಡಗೆ, ಬಾಯಿ ತೆರೆದು ನಿಂತಿದ್ದವು. ಪದರ ಬಹಳ ತೆಳು. ಆಮೇಲೆ ಮೊದಲನೆಯ ಬಿಲ್ಲೆ. ಇಲ್ಲಿ ಪದರ ದಪ್ಪ; ಪೊಳ್ಳುಗಳು ಮುಚ್ಚಿ, ಮೇಲ್ಮೈಗೆ ಸಮಾನಾಂತರವಾಗಿ ಎಳೆ ಎಳೆಯಾಗಿ ಮಲಗಿದ್ದವು. ನಾನು ಮೊದಲೇ ಬರೆದುಕೊಟ್ಟಿದ್ದ ವ್ಯತ್ಯಾಸ ಅಷ್ಟೂ ಅಲ್ಲಿತ್ತು. ಸುಸನ್ ಎರಡೂ ಚಿತ್ರಗಳನ್ನು ಸಲಹೆಗಾರರಿಗೆ ಕಳಿಸಿ, ಅವರು ಅಡ್ಡಿಯಿಲ್ಲ ಎಂದ ಮೇಲೆ ತಲೆಯಾಡಿಸಿದರು.

ಆಮೇಲೆ ಬಾರ್ಬೂಡ. ನಿರ್ವಾಹಕರು ಸೀಳಿನ ಅಂಚನ್ನು ಹುಡುಕಿ, ಹಿಗ್ಗಿಸಿ, ಚಿತ್ರವನ್ನು ಸ್ಥಿರಗೊಳಿಸಿದರು. ನಾನು ಒಂದು ಜಾಗಕ್ಕೆ ತೃಪ್ತಳಾಗದೆ ಅಂಚಿನುದ್ದಕ್ಕೂ ಬೇರೆ ಬೇರೆ ಜಾಗಗಳನ್ನು ನೋಡಿದೆ. ಎಲ್ಲ ಕಡೆಯೂ ಒಂದೇ ಬಗೆಯ ರಚನೆ. ರಾಝಿಕ್ ನನ್ನ ಹಿಂದೆ ನಿಂತು ಪ್ರತಿ ಚಿತ್ರದ ಸಂಖ್ಯೆಯನ್ನೂ ಬರೆದುಕೊಂಡರು.

ಕಾರಿಡಾರ್‌ಗೆ ಬಂದಾಗ ಇಸ್ಮಾಯಿಲ್ ಎದ್ದು ನಿಂತರು. ಜಮೀಲ ಏಳಲಿಲ್ಲ. ಅವರು ಕೇಳಿಕೊಂಡಿದ್ದಂತೆ ಸುತ್ತಿ ಬಳಸದೆ, ವರದಿಗೆಂದು ಬರೆದಿದ್ದ ವಾಕ್ಯಗಳನ್ನೇ ಅವರಿಬ್ಬರಿಗೂ ಓದಿ ಹೇಳಿದೆ:

“ನಾಣ್ಯದ ಬೆಳ್ಳಿಪದರದ ಪೊಳ್ಳುಗಳು ಪೆಟ್ಟಿನಿಂದ ಚಪ್ಪಟೆಯಾಗಿವೆ, ಮತ್ತು ಆ ಪದರದ ಕೆಳಗೆ ಲೋಹದ ಕಣಗಳ ನಡುವೆ ಹೊಸ ಬಿಲ್ಲೆಗಳಲ್ಲಿ ಇಲ್ಲದ, ಬಹುಕಾಲದ ಕಿಲುಬು ಆಳಕ್ಕೆ ಇಳಿದಿದೆ. ಹುಣಸೆಯಿಂದಾದ ತೆರೆದ ಪೊಳ್ಳುಗಳು ಅತ್ಯಂತ ಹೊರಗಿನ ತೆಳುಪದರದಲ್ಲಿ ಮಾತ್ರ ಇವೆ. ಕೆಳಗಿನ ಪದರವನ್ನು ಅವು ತಲುಪಿಲ್ಲ. ಈ ನಾಣ್ಯವನ್ನು ಮೊದಲು ಬಿಳುಪಾಗಿಸಿ, ಆಮೇಲೆ ಸುತ್ತಿಗೆಯಿಂದ ಹೊಡೆಯಲಾಗಿದೆ, ಇದು ನಕಲಿಯಲ್ಲ.”